ಎಂಜಲಿನ ಜಾತಕ

ನಮ್ಮ ವಾಚನಾಲಯದ ಕಪಾಟಿನಲ್ಲಿ ತ್ರಿವೇಣಿ, ಎಂ.ಕೆ. ಇಂದಿರಾ, ಸಾಯಿಸುತೆ ಇವರ ಪುಸ್ತಕಗಳು ಹೊಲಿಗೆ ಬಿಟ್ಟುಹೋಗುವಷ್ಟು ಓಡಾಡಿವೆ. ಅವುಗಳ ನಡುವೆ ಕಳೆದ ಮಳೆಗಾಲದಿಂದ ಒಂದು ಇಂಗ್ಲಿಷ್ ಕಾದಂಬರಿ ಉಂಟು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ತಂಗಿಯ ಮಗಳು ಓದಿ ಬಿಟ್ಟುಹೋದದ್ದು. "ದೊಡ್ಡಮ್ಮ, ಇದರಲ್ಲಿ ಎಂಜಲು ಕೊಟ್ಟು ಗಂಡು ಹುಡುಕುತ್ತಾರೆ" ಅಂದಳು. ಅಷ್ಟು ಹೇಳಿದ ಮೇಲೆ ಓದದೆ ಇರುವುದು ಹೇಗೆ? ನಿಘಂಟು ಪಕ್ಕದಲ್ಲಿಟ್ಟುಕೊಂಡು ಹದಿನೈದು ದಿನದಲ್ಲಿ ಮುಗಿಸಿದೆ.

ಪುಸ್ತಕದ ಹೆಸರು ‘ದಿ ಸೋಲ್‌ಮೇಟ್ ಈಕ್ವೇಶನ್’. ಅಮೆರಿಕದಲ್ಲಿ 2021ರಲ್ಲಿ ಬಂದದ್ದು. ಮುಖಪುಟದಲ್ಲಿ ಕ್ರಿಸ್ಟಿನಾ ಲಾರೆನ್ ಎಂದು ಉಂಟು. ಅದು ಒಬ್ಬಳ ಹೆಸರಲ್ಲ. ಕ್ರಿಸ್ಟಿನಾ ಹಾಬ್ಸ್ ಮತ್ತು ಲಾರೆನ್ ಬಿಲ್ಲಿಂಗ್ಸ್ ಎಂಬ ಇಬ್ಬರು ಗೆಳತಿಯರು ಸೇರಿ ಬರೆಯುವ ಹೆಸರು. ಕಥೆ ನಡೆಯುವುದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊದಲ್ಲಿ. ಜೆಸ್ ಎಂಬ ಹೆಂಗಸಿಗೆ ಏಳು ವರ್ಷದ ಮಗಳು, ಗಂಡನಿಲ್ಲ. ಕೆಲಸ ಸಂಖ್ಯಾಶಾಸ್ತ್ರದ್ದು, ಅದೂ ನೌಕರಿಯಲ್ಲ, ಸ್ವಂತ. ಲ್ಯಾಪ್‌ಟಾಪ್ ಹಿಡಿದುಕೊಂಡು ಕಾಫಿ ಅಂಗಡಿಯಲ್ಲಿ ಕೂತು ಕಂಪನಿಗಳ ಲೆಕ್ಕ ನೋಡಿಕೊಡುತ್ತಾಳೆ. ಸಾಕಿ ಬೆಳೆಸಿದ ಅಜ್ಜ ಅಜ್ಜಿ ಹತ್ತಿರದಲ್ಲೇ ಇದ್ದಾರೆ. ಅದೇ ಅಂಗಡಿಗೆ ದಿನವೂ ಒಂದೇ ಹೊತ್ತಿಗೆ ಬಂದು, ಯಾರ ಮುಖವನ್ನೂ ನೋಡದೆ ಹೋಗುವವ ರಿವರ್ ಎಂಬ ವಿಜ್ಞಾನಿ. ಅವನ ಕಂಪನಿಗೆ ಎಂಜಲು ಕಳಿಸಿದರೆ ಡಿಎನ್‌ಎ ನೋಡಿ ಯಾರಿಗೆ ಯಾರು ಸರಿ ಎಂದು ನೂರಕ್ಕೆ ಇಷ್ಟು ಅಂಕ ಅಂತ ಕೊಡುತ್ತಾರೆ. ಜೆಸ್ ಒಂದು ದಿನ ಬೇಸರದಲ್ಲಿ ಎಂಜಲು ಕಳಿಸುತ್ತಾಳೆ. ಬಂದ ಅಂಕ 98. ಯಾರ ಜತೆ? ಆ ಮೋರೆ ಗಂಟಿಕ್ಕಿದ ರಿವರ್ ಜತೆಗೇ.

ಇದನ್ನು ಓದಿ ನಗು ಬಂತು. 36 ಗುಣಗಳಲ್ಲಿ 18 ಬಂದರೆ ಸಾಕು ಅಂತ ನಮ್ಮಲ್ಲಿ ಜೋಯಿಸರು ಹೇಳುವುದನ್ನು ಕೇಳಿಕೊಂಡೇ ಬೆಳೆದವರಲ್ಲವಾ ನಾವು. ಅಲ್ಲಿ ನಕ್ಷತ್ರ, ಇಲ್ಲಿ ಎಂಜಲು. ವ್ಯತ್ಯಾಸ ಏನೆಂದರೆ ಜಾತಕ ನೋಡುವವರು ವರನಿಗೆ ಹುಡುಗಿಯ ಜತೆ ತಿರುಗಲು ಹೇಳುವುದಿಲ್ಲ; ಆ ಕಂಪನಿ ತನ್ನ ಪ್ರಚಾರಕ್ಕಾಗಿ ಜೆಸ್‌ಗೆ ದುಡ್ಡು ಕೊಟ್ಟು ತಿರುಗಿಸುತ್ತದೆ. ಅವಳು ಒಪ್ಪುವುದು ಪ್ರೀತಿಯಿಂದಲ್ಲ, ಮನೆ ಖರ್ಚಿಗೆ. ಪುಸ್ತಕದಲ್ಲಿ ನನಗೆ ಸತ್ಯ ಅನ್ನಿಸಿದ್ದು ಈ ಭಾಗ. ಕೆಲಸ ಕೈತಪ್ಪಿದ ದಿನ ಮಗಳ ಎದುರು ಮುಖ ಹೇಗೆ ಇಟ್ಟುಕೊಳ್ಳಬೇಕು ಎಂಬುದು ಈ ಇಬ್ಬರು ಲೇಖಕಿಯರಿಗೆ ಗೊತ್ತುಂಟು. ಪ್ರೀತಿಯ ಪ್ರಸಂಗಗಳು ಮಾತ್ರ ಎಲ್ಲ ಕಡೆ ಇರುವ ಹಾಗೆಯೇ. ಗಂಡು ಚಂದ, ಎತ್ತರ, ದುಡ್ಡಿನವ. ಕೆಲವು ಪುಟ ನಾನು ಮಗುಚಿಬಿಟ್ಟೆ, ಸುಳ್ಳು ಹೇಳುವುದಿಲ್ಲ.

ದೊಡ್ಡ ತಕರಾರು ಬೇರೆ ಉಂಟು. ಲೆಕ್ಕದ ಹೆಂಗಸು ಎಂದು ಹೇಳಿದ ಮೇಲೆ ಅವಳು ಲೆಕ್ಕ ಮಾಡುವುದನ್ನು ತೋರಿಸಬೇಕಷ್ಟೆ? ಅರ್ಧಕ್ಕಿಂತ ಹೆಚ್ಚು ಪುಸ್ತಕದಲ್ಲಿ ಅವಳ ಕೆಲಸ ಸೀರೆಯ ಅಂಚಿನ ಹಾಗೆ ಬಂದುಹೋಗುತ್ತದೆ. ಕೊನೆಗೆ (ಓದಬೇಕೆಂದಿರುವವರು ಎರಡು ಸಾಲು ಬಿಡಿ) ಬೇರೆ ಬೇರೆ ಇರಬೇಕಾದ ಎರಡು ನಕ್ಷೆಗಳು ಇರಬಾರದಷ್ಟು ಒಂದೇ ತೆರ ಇರುವುದು ಅವಳ ಕಣ್ಣಿಗೆ ಬೀಳುತ್ತದೆ. ಆ 98 ಯಾರೋ ಒಳಗಿನವರು ತಿದ್ದಿ ಮಾಡಿದ್ದು. ಇಡೀ ಪುಸ್ತಕದಲ್ಲಿ ನನಗೆ ಮೈ ಜುಮ್ಮೆಂದದ್ದು ಆ ಒಂದು ಕಡೆ. ಚುಂಬನದಲ್ಲಲ್ಲ ಮಾರಾಯ್ರೆ, ನಕ್ಷೆಯಲ್ಲಿ! ಅಂಥ ಹೆಂಗಸನ್ನು ಮುನ್ನೂರು ಪುಟ ಕಾಫಿ ಕುಡಿಸುತ್ತ ಕೂರಿಸಿದ್ದು ಯಾಕೆ? ಮತ್ತೆ, ತಪ್ಪನ್ನೆಲ್ಲ ಒಳಗಿನವರ ತಲೆಗೆ ಕಟ್ಟಿ ಕಂಪನಿಯನ್ನು ತೊಳೆದು ಇಟ್ಟುಬಿಡುತ್ತಾರೆ. ಇಷ್ಟು ಜನರ ಎಂಜಲಿನ ಗುಟ್ಟು ಎಲ್ಲಿ ಹೋಯಿತು ಎಂದು ಕೇಳುವವರಿಲ್ಲ. ಹೊರಗಿನ ಲೋಕದಲ್ಲಿ ‘23ಆಂಡ್‌ಮಿ’ ಎಂಬ ಅಮೆರಿಕದ ಡಿಎನ್‌ಎ ಕಂಪನಿಯಿಂದ 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಕಳ್ಳರ ಕೈಸೇರಿತು. 2025ರಲ್ಲಿ ಅದು ದಿವಾಳಿ ಅರ್ಜಿ ಹಾಕಿತು. ಪ್ರೇಮಕಥೆಗೆ ಇದೆಲ್ಲ ಯಾಕೆ ಅನ್ನಬಹುದು. ಆದರೆ ಕಥೆಯ ಬುಡವೇ ಆ ಎಂಜಲಿನ ಮೇಲೆ ನಿಂತಿದೆ.

ತಂಗಿಯ ಮಗಳಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ತನ್ನದೇ ಒಂದು ಸಂಗತಿ ಹೇಳಿದಳು. ಮೊಬೈಲಿನಲ್ಲಿ ಗಂಡು ಹುಡುಕುವ ಒಂದು ಕಡೆ ಅವಳೂ ಹೆಸರು ಹಾಕಿದ್ದಾಳೆ. ಊರು ಕಾಸರಗೋಡು, ರಾಜ್ಯ ಕೇರಳ, ಮನೆಮಾತು ಕನ್ನಡ ಎಂದು ತುಂಬಿಸಿದರೆ ಅದು ಮಲಯಾಳಿ ಹುಡುಗರನ್ನೇ ತೋರಿಸುತ್ತದಂತೆ. ಬೆಂಗಳೂರಿನ ಹುಡುಗರು ಮಾತಾಡಿದರೂ ಮೊದಲ ಪ್ರಶ್ನೆ, "ಕೇರಳದವರಾ? ಕನ್ನಡ ಇಷ್ಟು ಚಂದ ಹೇಗೆ ಬರುತ್ತೆ?" ಒಬ್ಬನಿಗೆ ಅವಳು ಉತ್ತರ ಕೊಟ್ಟಳಂತೆ: "ನಮ್ಮ ಶಾಲೆಯಲ್ಲಿ ಕಲಿಸಿದ್ದು. ನಿಮ್ಮ ಶಾಲೆಯಲ್ಲಿ ಕಲಿಸಲಿಲ್ಲವಾ?" ಅವನು ಮತ್ತೆ ಮೆಸೇಜು ಮಾಡಲಿಲ್ಲ.

ಆ ಕಾದಂಬರಿಯ 98ರಲ್ಲಿ ಇಂಥದ್ದಕ್ಕೆ ಎಷ್ಟು ಅಂಕ ಕಳೆಯುತ್ತಾರೋ. ಜೆಸ್ ಕಾಫಿ ಅಂಗಡಿಯಲ್ಲಿ ಕೂತಲ್ಲಿಯೇ ಗಂಡು ಸಿಕ್ಕಿತು. ನಮ್ಮ ಹುಡುಗಿ ಮೊದಲು ತಾನು ಯಾವ ಊರಿನವಳು ಎಂದು ಮೊಬೈಲಿಗೆ ಅರ್ಥ ಮಾಡಿಸಬೇಕು. ಈ ಕಥೆಯನ್ನು ನಮ್ಮವಳೇ ಯಾರಾದರೂ ಬರೆಯಬೇಕು. ಅವಳಿಗೆ ಹೇಳಿದೆ. "ಪುರುಸೊತ್ತು ಎಲ್ಲುಂಟು ದೊಡ್ಡಮ್ಮ, ರಾತ್ರಿ ಹತ್ತಕ್ಕೆ ಮೀಟಿಂಗ್" ಅಂದಳು.

ಪುಸ್ತಕ ಈಗ ಹೈಸ್ಕೂಲಿನ ಗಣಿತ ಟೀಚರ ಹತ್ತಿರ ಉಂಟು. ಅವರ ನಂತರ ಬೇಕಾದವರು ರಿಜಿಸ್ಟರಿನಲ್ಲಿ ಹೆಸರು ಬರೆದಿಡಿ.