ಕಿಲಿ ಯಾರಿಗಾಗಿ ಸತ್ತ?

1937ರಲ್ಲಿ ಬಂದ ಟೋಲ್ಕಿನ್‌ರ ‘ದಿ ಹಾಬಿಟ್’ ಕಾದಂಬರಿಯಲ್ಲಿ ಟೌರಿಯೆಲ್ ಎಂಬವಳೇ ಇಲ್ಲ. ಪೀಟರ್ ಜಾಕ್ಸನ್ ಆ ಪುಟ್ಟ ಪುಸ್ತಕವನ್ನು ಮೂರು ಸಿನಿಮಾ ಮಾಡಿದಾಗ, 2013ರ ಎರಡನೆಯ ಭಾಗದಲ್ಲಿ ಈ ಎಲ್ಫ್ ಯೋಧೆ ಬಿಲ್ಲು ಹಿಡಿದು ಬಂದಳು. ಬಂದದ್ದು ಒಳ್ಳೆಯದೇ ಆಯಿತು. ಗಂಡಸರೇ ತುಂಬಿದ್ದ ಕಥೆಗೆ ಅವಳು ಬೇಕಿತ್ತು. ನನ್ನ ತಕರಾರು, ಕುಬ್ಜರ ಕುಲದ ಕಿಲಿಯ ಜೊತೆ ಅವಳಿಗೆ ಹೆಣೆದ ಪ್ರೇಮದ ಬಗ್ಗೆ. ಆ ಎಳೆಯನ್ನು ತೆಗೆದುಬಿಟ್ಟರೆ?

ಮೊದಲು ಬದಲಾಗುವುದು ಕಿಲಿಯ ಸಾವು. ಕಾದಂಬರಿಯಲ್ಲಿ ಕಿಲಿ, ಫಿಲಿ ಸಹೋದರರಿಬ್ಬರೂ ಕುಬ್ಜರ ನಾಯಕ ಥೋರಿನ್‌ನನ್ನು ಕಾಯುತ್ತಲೇ ಮಡಿಯುತ್ತಾರೆ. ಅವನು ಅವರ ಸೋದರಮಾವ. ಟೋಲ್ಕಿನ್ ಇದನ್ನು ಕೊನೆಯ ಯುದ್ಧ ಮುಗಿದ ಮೇಲೆ, ಹೆಚ್ಚು ಮಾತಿಲ್ಲದೆ ಹೇಳಿ ಮುಂದೆ ಹೋಗುತ್ತಾರೆ. ಆದರೂ ಅದು ಎದೆಗೆ ನಾಟುತ್ತದೆ: ಚಿನ್ನದ ಹುಚ್ಚಿನಲ್ಲಿ ಆಪ್ತ ಬಿಲ್ಬೊನನ್ನೇ ಹೊರಗಟ್ಟಿದ ಮಾವನನ್ನು ಅಳಿಯಂದಿರು ಕೊನೆಗಳಿಗೆಯಲ್ಲೂ ಬಿಟ್ಟುಕೊಡಲಿಲ್ಲ. ಸಿನಿಮಾದ ಕಿಲಿ ಸಾಯುವುದು ಟೌರಿಯೆಲ್‌ಳನ್ನು ಉಳಿಸಲು ಹೋಗಿ, ಶತ್ರುಪಾಳಯದ ಬೋಲ್ಗ್‌ನ ಕೈಯಲ್ಲಿ. ಥೋರಿನ್ ಆಗ ಬೇರೆಲ್ಲೋ ಹೋರಾಡುತ್ತಿರುತ್ತಾನೆ. ಕಥೆಯುದ್ದಕ್ಕೂ ಕಟ್ಟಿಕೊಂಡು ಬಂದ ರಕ್ತಸಂಬಂಧಕ್ಕೆ ಸಲ್ಲಬೇಕಿದ್ದ ಸಾವು ಹೊಸ ಪರಿಚಯಕ್ಕೆ ಸಂದುಹೋಯಿತು.

ಅವನಿಗೆ ತಗುಲುವ ವಿಷದ ಬಾಣ, ಸರೋವರದ ಊರಿನಲ್ಲಿ ಅವಳು ಮಾಡುವ ಶುಶ್ರೂಷೆ, ಎಲ್ಫ್ ರಾಜಕುಮಾರ ಲೆಗೊಲಾಸ್‌ನ ಅಸೂಯೆ ಎಲ್ಲವೂ ಈ ಎಳೆಗೇ ಜೋತುಬಿದ್ದವು. ತ್ರಿಕೋನ ಪ್ರೇಮ ಇರಬಾರದೆಂಬ ಷರತ್ತಿನ ಮೇಲೆ ಪಾತ್ರ ಒಪ್ಪಿಕೊಂಡಿದ್ದೆ, ಮರುಚಿತ್ರೀಕರಣದಲ್ಲಿ ಅದು ಬಂದು ಸೇರಿತು ಎಂದು ನಟಿ ಇವಾಂಜಲಿನ್ ಲಿಲಿಯೇ ಹೇಳಿದ್ದಾರೆ. ಇನ್ನೊಂದು ನಷ್ಟವೂ ಇದೆ. ಎಲ್ಫ್-ಕುಬ್ಜರ ಹಳೆಯ ಹಗೆಯನ್ನು ದಾಟುವ ಲೆಗೊಲಾಸ್-ಗಿಮ್ಲಿ ಗೆಳೆತನ ‘ಲಾರ್ಡ್ ಆಫ್ ದಿ ರಿಂಗ್ಸ್’ನ ದೊಡ್ಡ ಸಂಪತ್ತು. ಕಥೆಯ ಕಾಲದಲ್ಲಿ ಅದಕ್ಕಿಂತ ದಶಕಗಳ ಮೊದಲೇ ಇಲ್ಲೊಂದು ಜೋಡಿ ಆ ಗಡಿ ದಾಟಿಬಿಟ್ಟರೆ ಅದರ ಬೆರಗು ಕುಗ್ಗುತ್ತದೆ.

ಪ್ರೇಮವೇ ಬೇಡವೆಂದು ನಾನು ಹೇಳುತ್ತಿಲ್ಲ. ‘ಲಾರ್ಡ್ ಆಫ್ ದಿ ರಿಂಗ್ಸ್’ನ ಅರಗಾರ್ನ್‌ನ ಕಥೆಯಿಂದ ಆರ್ವೆನ್‌ಳನ್ನು ತೆಗೆಯಲಾಗದು. ಅವಳು ಅಮರತ್ವ ಬಿಡುವುದಕ್ಕೂ ಅವನು ಸಿಂಹಾಸನ ಏರುವುದಕ್ಕೂ ಟೋಲ್ಕಿನ್ನರೇ ಗಂಟು ಹಾಕಿದ್ದಾರೆ. ಆ ಕೃತಿಯ ಸಿನಿಮಾದ ಹೆಲ್ಮ್ಸ್ ಡೀಪ್ ಕಾಳಗದಲ್ಲಿ ಅವಳು ಕತ್ತಿ ಬೀಸುವ ದೃಶ್ಯಗಳನ್ನು ಚಿತ್ರೀಕರಿಸಿಯೂ ಕೈಬಿಟ್ಟ ವಿವೇಕ ಇದೇ ಜಾಕ್ಸನ್‌ದು.

ಪ್ರೇಮ ಹೋದರೆ ಹೆಚ್ಚು ಲಾಭ ಟೌರಿಯೆಲ್‌ಗೇ. ಗಡಿ ಮುಚ್ಚಿ ಕೂತರೆ ಕೇಡು ನಿಲ್ಲದು, ಹೊರಗಿನ ಜಗತ್ತೂ ನಮ್ಮದೇ ಎಂಬ ಅವಳ ವಾದ ಸಿನಿಮಾದಲ್ಲಿ ಆಗಲೇ ಇದೆ. ಮೂರನೆಯ ಭಾಗದಲ್ಲಿ, ಯುದ್ಧದಿಂದ ಹಿಂದೆ ಸರಿಯುವ ಎಲ್ಫ್ ರಾಜ ಥ್ರಾಂಡುಯಿಲ್‌ಗೆ ಅವಳು ಬಾಣ ಗುರಿಯಿಟ್ಟು ಅಡ್ಡ ನಿಲ್ಲುತ್ತಾಳೆ. ಆ ಕುಬ್ಜನ ಮೇಲಿನ ನಿನ್ನ ಒಲವು ನಿಜವಲ್ಲವೆಂದು ಅವನು ಅವಳ ಬಾಯಿ ಮುಚ್ಚಿಸುತ್ತಾನೆ. ಒಲವಿನ ಮಾತೇ ಇರದಿದ್ದರೆ, ನೆರೆಯವರು ಸಾಯುತ್ತಿರುವಾಗ ಸೈನ್ಯವನ್ನು ಯಾಕೆ ವಾಪಸ್ ಕರೆದೊಯ್ಯುತ್ತಿದ್ದೀಯೆಂಬ ಅವಳ ಪ್ರಶ್ನೆಗೇ ಅವನು ಉತ್ತರ ಕೊಡಬೇಕಾಗುತ್ತಿತ್ತು.