ಎರಡು ಇಂಚು ನೀರು ಮತ್ತು ಫಿಜಿಕ್ಸಿನ ಮೊದಲ ವರ್ಷ

ಇಂಡಿ ಸೀಮೆಯ ಲಿಂಬೆ ತೋಟದಲ್ಲಿ ಬೋರ್ ಹೊಡೆಸಿದವರಿಗೆ ಊರಿನವರು ಮೊದಲು ಕೇಳುವುದು 'ಎಷ್ಟ ಇಂಚ ನೀರ ಬಿತ್ರಿ?' ಎಂದು. 'ಎರಡ ಇಂಚ' ಎಂದರೆ ಎಲ್ಲರಿಗೂ ತಿಳಿಯುತ್ತದೆ. ಇಂಚು ಉದ್ದದ ಅಳತೆ. ಹರಿಯುವ ನೀರನ್ನು ಉದ್ದದಲ್ಲಿ ಹೇಳುವುದು ಹೇಗೆ ಸಾಧ್ಯ? ಪ್ರಥಮ ಪಿಯುಸಿ ಫಿಜಿಕ್ಸಿನ ಆರಂಭದಲ್ಲೇ ಬರುವ ಆಯಾಮ ವಿಶ್ಲೇಷಣೆಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ನನಗೆ ಕಂಡಿಲ್ಲ. ಬೋರಿನವರು ನೀರನ್ನು ವಿ ಆಕಾರದಲ್ಲಿ ಕತ್ತರಿಸಿದ ತಗಡಿನ ಮೂಲಕ ಹರಿಯಬಿಟ್ಟು, ಆ ಕಚ್ಚಿನಲ್ಲಿ ನೀರು ಎಷ್ಟು ಎತ್ತರಕ್ಕೆ ಬಂತೆಂದು ನೋಡುತ್ತಾರೆ. ಆ ಎತ್ತರ ಮತ್ತು ಗುರುತ್ವ, ಇವೆರಡರಿಂದ ಸೆಕೆಂಡಿಗೆ ಇಷ್ಟು ಘನ ಮೀಟರ್ ಎಂಬ ಅಳತೆ ಹುಟ್ಟಬೇಕಾದರೆ ಒಂದೇ ದಾರಿಯಿದೆ: ಹರಿವು ಗುರುತ್ವದ ವರ್ಗಮೂಲಕ್ಕೂ ಎತ್ತರದ ಎರಡೂವರೆ ಘಾತಕ್ಕೂ ತಕ್ಕಂತೆ ಏರಬೇಕು. ಅಂದರೆ ಎರಡು ಇಂಚು ನೀರು ಒಂದು ಇಂಚಿನ ಇಮ್ಮಡಿಯಲ್ಲ, ಐದೂವರೆ ಪಟ್ಟಿಗಿಂತಲೂ ಹೆಚ್ಚು. ತೋಟದ ಮನೆಯ ಹುಡುಗನಿಗೆ ಇದು ಅಪ್ಪನ ಸಾಲದ ಲೆಕ್ಕಕ್ಕೆ ಸೇರಿದ ಸಂಗತಿ.

ತರಗತಿಯಲ್ಲಿ ಅವನಿಗೆ ಸಿಗುವುದು ಬೇರೆ. ಬಲದ ಆಯಾಮ ಇದು, ಕೆಲಸದ ಆಯಾಮ ಇದು ಎಂಬ ಪಟ್ಟಿಯನ್ನು ಬೋರ್ಡಿನಿಂದ ಇಳಿಸಿಕೊಳ್ಳುವುದು, 'ಇದು ಎರಡು ಮಾರ್ಕ್ಸಿಗೆ ಬರ್ತದ' ಎಂಬ ಎಚ್ಚರಿಕೆಯನ್ನು ಪಕ್ಕದಲ್ಲಿ ಗುರುತು ಹಾಕಿಕೊಳ್ಳುವುದು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯಂಥ ತಾಲ್ಲೂಕು ಊರುಗಳಲ್ಲಿ ಸೈನ್ಸ್ ತೆಗೆದುಕೊಳ್ಳುವ ಮಗು ಮೊದಲ ವರ್ಷದಲ್ಲಿ ಕಾಣುವ ಫಿಜಿಕ್ಸ್ ಬಹುಮಟ್ಟಿಗೆ ನೋಟ್ಸಿನ ಫಿಜಿಕ್ಸ್. ಈ ಪಾಠಕ್ರಮವನ್ನು ನಾನು ಪ್ರೀತಿಯಿಂದಲೇ ಟೀಕಿಸುತ್ತಿದ್ದೇನೆ. ಯಾಕೆಂದರೆ ಈ ವಿಷಯಕ್ಕೆ ಬೇಕಾದ ಸಾಮಗ್ರಿ ಈ ಸೀಮೆಯಲ್ಲಿರುವಷ್ಟು ದಟ್ಟವಾಗಿ ಬೇರೆಡೆ ಸಿಗುವುದು ಅಪರೂಪ.

ಮೊದಲು ಪುಸ್ತಕಕ್ಕೆ ಸಲ್ಲಬೇಕಾದ ನ್ಯಾಯ ಸಲ್ಲಲಿ. ನಮ್ಮ ಪಿಯು ವಿಜ್ಞಾನ ವಿಭಾಗ 2012-13ರಿಂದ ಎನ್‌ಸಿಇಆರ್‌ಟಿ ಪಠ್ಯಕ್ಕೆ ಹೊರಳಿತು. ಆ ಪುಸ್ತಕ ಒಳ್ಳೆಯದು. ಒಂದು ದಾರ, ಒಂದು ಸ್ಕೇಲ್ ಇಷ್ಟೇ ಇದ್ದರೆ ದಾರದ ದಪ್ಪವನ್ನು ಹೇಗೆ ಅಳೆಯುತ್ತೀ ಎಂಬಂಥ ಪ್ರಶ್ನೆ ಅದರ ಅಭ್ಯಾಸದಲ್ಲಿತ್ತು. ಆದರೆ ಆ ಪುಸ್ತಕವನ್ನು ಬಿಚ್ಚಿ ಓದುವ ತರಗತಿ ಕಡಿಮೆ. ಗೈಡು, ಪ್ರಶ್ನೆಕೋಶ, ಈಚೆಗೆ ನೀಟ್ ಮತ್ತು ಸಿಇಟಿ ಕೋಚಿಂಗಿನ ಮಾಡ್ಯೂಲುಗಳು ಅದರ ಜಾಗಕ್ಕೆ ಬಂದಿವೆ.

ಪುಸ್ತಕದಲ್ಲಿಯೂ ಒಂದು ದೊಡ್ಡ ತೊಡಕಿದೆ, ಅದರ ಪೆಟ್ಟು ಬೀಳುವುದು ತಾಲ್ಲೂಕಿನ ಮಗುವಿಗೆ. ಸರಳರೇಖೆಯ ಚಲನೆ ವರ್ಷದ ಆರಂಭದಲ್ಲೇ ಬರುತ್ತದೆ, ಅಲ್ಲಿ ವೇಗವನ್ನು ಅವಕಲನದ ಭಾಷೆಯಲ್ಲಿ ಹೇಳಲಾಗುತ್ತದೆ. ಅದೇ ವರ್ಷದ ಗಣಿತದಲ್ಲಿ ಮಿತಿ ಮತ್ತು ಅವಕಲನ ಬರುವುದು ಪುಸ್ತಕದ ಕೊನೆಯ ಭಾಗದಲ್ಲಿ. ಸದಿಶಗಳು ಗಣಿತಕ್ಕೆ ಬರುವುದು ದ್ವಿತೀಯ ಪಿಯುಸಿಯಲ್ಲಿ. ಫಿಜಿಕ್ಸಿಗೆ ಅವು ಮೊದಲ ಕೆಲವು ತಿಂಗಳಲ್ಲೇ ಬೇಕು. ಹೀಗಾಗಿ ಹತ್ತನೇ ತರಗತಿಯ ಗಣಿತದಲ್ಲಿ ಚೆನ್ನಾಗಿ ಅಂಕ ತೆಗೆದ ಹುಡುಗಿ ಜುಲೈನಲ್ಲಿ ಡಿಎಕ್ಸ್ ಬೈ ಡಿಟಿ ನೋಡಿ, ತನ್ನ ತಲೆಗೆ ಇದು ಹತ್ತುವುದಿಲ್ಲ ಎಂದು ತೀರ್ಮಾನಿಸುತ್ತಾಳೆ. ಹತ್ತದಿರುವುದು ಅವಳ ತಪ್ಪಲ್ಲ, ಅದನ್ನು ಅವಳಿಗೆ ಯಾರೂ ಇನ್ನೂ ಕಲಿಸಿಲ್ಲ. ಊರಲ್ಲಿ ಒಳ್ಳೆಯ ಟ್ಯೂಷನ್ ಇದ್ದರೆ ಈ ಕಂದಕ ದಾಟಬಹುದು. ಚಡಚಣದಿಂದಲೋ ನಾಲತವಾಡದಿಂದಲೋ ಬಸ್ಸಿನಲ್ಲಿ ಬಂದು ಹೋಗುವವಳಿಗೆ ಆ ಅನುಕೂಲವೂ ಇಲ್ಲ.

ಕನ್ನಡ ಮಾಧ್ಯಮದಿಂದ ಬಂದ ಮಗುವಿಗೆ ಇಂಗ್ಲಿಷಿನ ಕಷ್ಟವೂ ನಿಜ. ಆದರೆ ಅದನ್ನೇ ಮುಖ್ಯ ಕಾರಣವೆಂದು ಹೇಳುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಜವ, ವೇಗ, ವೇಗೋತ್ಕರ್ಷ, ಸಂವೇಗ, ಜಡತ್ವ ಎಲ್ಲವನ್ನೂ ಕನ್ನಡ ಮಾಧ್ಯಮದ ಮಗು ಒಂಬತ್ತನೇ ತರಗತಿಯಲ್ಲೇ ಓದಿ ಬಂದಿರುತ್ತದೆ. ಹಳೆಯ ತಿಳಿವಳಿಕೆಯನ್ನೂ ಹೊಸ ಹೆಸರನ್ನೂ ಜೋಡಿಸಲು ಎರಡು ವಾರ ಸಾಕು. ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡನೆ 1918ರಲ್ಲೇ 'ವಿಜ್ಞಾನ' ಮಾಸಪತ್ರಿಕೆ ತಂದವರು. ಒಂದು ಶತಮಾನದ ಅನುಭವವಿರುವ ಭಾಷೆ ಆ ಎರಡು ವಾರದ ಕೆಲಸಕ್ಕೆ ಸಾಲದೇ ಹೋಗುವುದಿಲ್ಲ.

ಇನ್ನು ಈ ಸೀಮೆಯಲ್ಲಿರುವ ಸಾಮಗ್ರಿಯ ಮಾತು. ಆಲಮಟ್ಟಿ ಜಲಾಶಯವನ್ನೇ ನೋಡಿ. ಮಳೆಗಾಲದಲ್ಲಿ ಪತ್ರಿಕೆಗಳು ಅದರ ಮಟ್ಟ ಅಚ್ಚು ಹಾಕುತ್ತವೆ, ಪೂರ್ಣ ಮಟ್ಟ 519.60 ಮೀಟರ್. ಬಸವನ ಬಾಗೇವಾಡಿ, ಮುದ್ದೇಬಿಹಾಳ ಕಡೆಯ ಮಕ್ಕಳು ಈ ಸಂಖ್ಯೆಯನ್ನು ಕೇಳುತ್ತಲೇ ಬೆಳೆಯುತ್ತಾರೆ. ಕೊನೆಯ ಸೊನ್ನೆ ಯಾಕೆ? 519.6 ಎಂದರೆ ಸಾಲದೇ? ಮಟ್ಟವನ್ನು ಸೆಂಟಿಮೀಟರಿನವರೆಗೂ ಹೇಳಲಾಗಿದೆ ಎಂಬುದನ್ನು ತಿಳಿಸಲೆಂದೇ ಆ ಸೊನ್ನೆ ಅಲ್ಲಿ ಕೂತಿದೆ. ಸಾರ್ಥಕ ಅಂಕಿಗಳ ಪಾಠ ಇಷ್ಟರಲ್ಲಿ ಮುಗಿಯುತ್ತದೆ, ಮರೆಯುವುದೂ ಇಲ್ಲ. ದಿನವಿಡೀ ಒಂದು ಲಕ್ಷ ಕ್ಯೂಸೆಕ್ ಒಳಹರಿವು ಬಂದರೆ ಎಷ್ಟು ಟಿಎಂಸಿ? ದಿನಕ್ಕೆ 86,400 ಸೆಕೆಂಡು, ಉತ್ತರ 8.64. ಘಟಕ ಪರಿವರ್ತನೆಯ ಪಾಠದಲ್ಲಿ ಈ ಲೆಕ್ಕ ಮಾಡಿದ ಮಗು ಮರುದಿನ ಪತ್ರಿಕೆಯ ಅಂಕಿಗಳನ್ನು ತಾನೇ ತಾಳೆ ನೋಡಬಲ್ಲದು. ಆಚೆಗೆ ಕೂಡಗಿಯಲ್ಲಿ ಎನ್‌ಟಿಪಿಸಿಯ 2,400 ಮೆಗಾವಾಟ್ ಸ್ಥಾವರವಿದೆ. ಅದು ಸೂಪರ್‌ಕ್ರಿಟಿಕಲ್ ಬಗೆಯದು, ಅಂದರೆ ನೀರು ಮತ್ತು ಉಗಿಯ ನಡುವಿನ ಗೆರೆಯೇ ಅಳಿಸಿಹೋಗುವ ಒತ್ತಡ, ಉಷ್ಣತೆಯಲ್ಲಿ ನಡೆಯುವಂಥದು. ಉಷ್ಣಗತಿಶಾಸ್ತ್ರವನ್ನು ಬಾಗೇವಾಡಿಯಲ್ಲಿ ಕಲಿಸುವವರು ಕಿಟಕಿಯಾಚೆ ಕೈ ತೋರಿಸಿ ಮಾತಾಡಬಹುದು.

ಅಲೆಗಳ ಅಧ್ಯಾಯದ ಪಾಡು ಇನ್ನೂ ಬೇಸರದ್ದು. ಅದು ಪುಸ್ತಕದ ಕಟ್ಟಕಡೆಗೆ ಬರುವುದರಿಂದ, ಪರೀಕ್ಷೆ ಹತ್ತಿರವಾದಾಗ ಪೋರ್ಷನ್ ಮುಗಿಸುವ ಅವಸರದಲ್ಲಿ ಓಡುತ್ತದೆ. ಮೇಲೆ ಹೇಳಿದ ನಾಲ್ಕೂ ತಾಲ್ಲೂಕು ಊರುಗಳಿಂದ ಬೆಳಿಗ್ಗೆ ಹೊರಟು ಸಂಜೆಗೆ ಮರಳಬಹುದಾದ ದೂರದಲ್ಲಿ ಗೋಲಗುಮ್ಮಟವಿದೆ. ಸಿ.ವಿ. ರಾಮನ್ 1921ರಲ್ಲಿ ಲಂಡನ್ನಿನ ಸೇಂಟ್ ಪಾಲ್ ಕೆಥೀಡ್ರಲಿನ ಪಿಸುಮಾತಿನ ಗ್ಯಾಲರಿಯನ್ನು ಪರೀಕ್ಷಿಸಿದರು, ಭಾರತಕ್ಕೆ ಮರಳಿ ಇಲ್ಲಿಯ ಕಟ್ಟಡಗಳನ್ನು ಕೈಗೆತ್ತಿಕೊಂಡಾಗ ಗೋಲಗುಮ್ಮಟವನ್ನೂ ಅಧ್ಯಯನಕ್ಕೆ ಸೇರಿಸಿಕೊಂಡರು. ಅದರ ಗುಮ್ಮಟದ ಒಳಗಿನ ವ್ಯಾಸ ಸುಮಾರು 38 ಮೀಟರ್. ಇತ್ತ ಗೋಡೆಗೆ ಬಾಯಿಟ್ಟು ಆಡಿದ ಪಿಸುಮಾತು ನೇರವಾಗಿ ಹೋದರೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟರಲ್ಲಿ ಅತ್ತ ತಲುಪಬೇಕು. ಗೋಡೆ ಹಿಡಿದು ಸುತ್ತಿ ಬಂದರೆ 60 ಮೀಟರ್ ದಾರಿ, ಅದಕ್ಕೆ ಹೆಚ್ಚು ಹೊತ್ತು. ಆದರೂ ಸ್ಪಷ್ಟವಾಗಿ ಕೇಳುವುದು ಗೋಡೆ ಹಿಡಿದು ಬಂದ ಮಾತೇ, ಯಾಕೆ? ಪ್ರವಾಸಕ್ಕೆ ಹೋದ ಮಕ್ಕಳು ಅಲ್ಲಿ ಕೂಗಿ, ನಕ್ಕು ಬರುತ್ತಾರೆ. ಈ ಪ್ರಶ್ನೆಯನ್ನು ಅವರ ಕೈಗೆ ಕೊಟ್ಟು ಕಳಿಸಿದ ತರಗತಿಯ ಬಗ್ಗೆ ಮಾತ್ರ ನಾನು ಕೇಳಿಲ್ಲ.

ನನ್ನ ಕಟುವಾದ ಮಾತು ಪ್ರಾಕ್ಟಿಕಲ್ ಬಗ್ಗೆ. ನೂರರಲ್ಲಿ 30 ಅಂಕ ಅದಕ್ಕಿದೆ. ಸರಳ ಲೋಲಕದಿಂದ ಗುರುತ್ವ ವೇಗೋತ್ಕರ್ಷ ಕಂಡುಹಿಡಿಯುವ ಪ್ರಯೋಗದಲ್ಲಿ ಅನೇಕ ಕಡೆ ಇಡೀ ಬ್ಯಾಚಿನ ರೆಕಾರ್ಡಿನಲ್ಲಿ 9.80 ಬಂದಿರುತ್ತದೆ. ಉತ್ತರ ಮೊದಲು, ರೀಡಿಂಗ್ ಆಮೇಲೆ. ಇದು ಮಕ್ಕಳು ಕಂಡುಕೊಂಡ ಅಡ್ಡದಾರಿಯಲ್ಲ, ವ್ಯವಸ್ಥೆ ಕಲಿಸಿದ್ದು. ಸುಮಾರು 17 ಡಿಗ್ರಿ ಅಕ್ಷಾಂಶದ, ಸಮುದ್ರಮಟ್ಟದಿಂದ ಐನೂರು ಆರುನೂರು ಮೀಟರ್ ಮೇಲಿರುವ ಈ ಸೀಮೆಯಲ್ಲಿ ಗುರುತ್ವ ವೇಗೋತ್ಕರ್ಷದ ನಿಜವಾದ ಬೆಲೆ 9.78ರ ಆಸುಪಾಸು. ಒಂದು ಮೀಟರ್ ಲೋಲಕ 20 ಸಲ ತೂಗಲು 40 ಸೆಕೆಂಡು ಬೇಕು. ಸ್ಟಾಪ್‌ವಾಚ್ ಒತ್ತುವ ಬೆರಳು 0.2 ಸೆಕೆಂಡು ತಪ್ಪಿದರೆ ಉತ್ತರ ಶೇ. 1ರಷ್ಟು ಅಲುಗುತ್ತದೆ. ಹಾಗಾಗಿ 9.7ರಿಂದ 9.9ರವರೆಗೆ ಏನು ಬಂದರೂ ಅದು ಪ್ರಾಮಾಣಿಕ ಫಲಿತಾಂಶ. ನಲವತ್ತು ಮಕ್ಕಳಿಗೂ 9.80 ಬಂತೆಂದರೆ ಅಲ್ಲಿ ಯಾರೂ ಅಳೆದಿಲ್ಲ. ಪರೀಕ್ಷಕರು 9.68 ಬರೆದ ಹುಡುಗಿಯ ಅಂಕ ಕತ್ತರಿಸುವ ಮೊದಲು, 'ದಾರ ಎಲ್ಲಿತನಕ ಅಳದೀ?' ಎಂದು ಕೇಳಬೇಕು. ಗುಂಡಿನ ನಡುವಿನ ತನಕ ಅಳೆಯದೆ ಮೇಲಿನ ಕೊಕ್ಕೆಗೇ ನಿಲ್ಲಿಸಿದ್ದರೆ ಒಂದು ಸೆಂಟಿಮೀಟರ್ ಕಡಿಮೆಯಾಗಿ, ಸರಿಯಾಗಿ ಅಷ್ಟೇ ಬರುತ್ತದೆ.