ಗಂತಿನ ಗಡಿಯಾರ

ಕಂಬಳದ ಸೀಸನ್ ಶುರುವಾಯಿತೋ ಇಲ್ಲವೋ ಎಂದು ತಿಳಿಯಲು ಪಾಣೆಮಂಗಳೂರಿನವರಿಗೆ ಪೇಪರ್ ಬೇಡ. ಶನಿವಾರ ಬೆಳಗ್ಗೆ ಮೆಲ್ಕಾರಿನಲ್ಲಿ ಚಹಾ ಹಿಡಿದು ನಿಂತರೆ ಸಾಕು. ಉಪ್ಪಿನಂಗಡಿಯಲ್ಲೋ ಪುತ್ತೂರಿನಲ್ಲೋ ಕಂಬಳ ಇದ್ದರೆ ಕಾರ್ಕಳದ ಕಡೆಯ ಲಾರಿಗಳು ನೇತ್ರಾವತಿ ದಾಟಿ ಒಂದರ ಹಿಂದೆ ಒಂದು ಬರುತ್ತವೆ. ಹಿಂದೆ ಬೈಹುಲ್ಲಿನ ಕಟ್ಟು, ನೀರಿನ ಡ್ರಮ್ಮು, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಎಣ್ಣೆ ಹಚ್ಚಿ ಮಿರಮಿರ ಮಿಂಚುವ ಎರಡು ಕೋಣ, ಅವುಗಳ ನಡುವೆ ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಏಳೆಂಟು ಹುಡುಗರು. ಅದೇ ಲಾರಿಗಳು ಭಾನುವಾರ ಬೆಳಗ್ಗೆ ವಾಪಸು ಹೋಗಬೇಕು. ನಾನು ನೋಡಿದ ಹಾಗೆ ಅವು ಹೋಗುವುದು ಭಾನುವಾರ ಮಧ್ಯಾಹ್ನ ಕಳೆದ ಮೇಲೆ, ಕೆಲವೊಮ್ಮೆ ದೀಪ ಹಚ್ಚುವ ಹೊತ್ತಿಗೆ. ಹುಡುಗರು ಕುರ್ಚಿಯಲ್ಲೇ ನಿದ್ದೆ ಹೋಗಿರುತ್ತಾರೆ. ಕೋಣಗಳು ನಿಂತೇ ಇರುತ್ತವೆ.

ಈ ಬರಹ ಆ ತಡವಾದ ಲಾರಿಯ ಬಗ್ಗೆ.

ನವೆಂಬರಿನಿಂದ ಮಾರ್ಚ್-ಏಪ್ರಿಲ್‌ವರೆಗೆ ವಾರಕ್ಕೊಂದು ಊರಿನಂತೆ ನಡೆಯುವ ಜೋಡುಕರೆ ಕಂಬಳಗಳು ಈಗ ಬಿಡಿಬಿಡಿ ಊರಿನ ಹಬ್ಬಗಳಾಗಿ ಉಳಿದಿಲ್ಲ. ಜಿಲ್ಲಾ ಕಂಬಳ ಸಮಿತಿ ಮೊದಲೇ ದಿನಾಂಕದ ಪಟ್ಟಿ ಹೊರಡಿಸುತ್ತದೆ. ಕೋಣಗಳ ಅದೇ ಯಜಮಾನರು, ಅದೇ ಓಟಗಾರರು, ಅದೇ ತೀರ್ಪುಗಾರರು ಈ ವಾರ ಇಲ್ಲಿ, ಮುಂದಿನ ವಾರ ಅಲ್ಲಿ. ಗಾಲ್ಫ್ ಆಟಗಾರರ ಟೂರ್ ಎನ್ನುವುದು ನಡೆಯುವುದೂ ಹೀಗೆಯೇ. ಮೈದಾನ ಬದಲಾಗುತ್ತದೆ, ಮುಖಗಳು ಬದಲಾಗುವುದಿಲ್ಲ. ಮಂಗಳೂರಿನ ಪಿಲಿಕುಳದಲ್ಲಿ ಗಾಲ್ಫ್ ಮೈದಾನವೂ ಇದೆ, ಕೋಣ ಓಡುವ ಕೆಸರಿನ ಕರೆಯೂ ಇದೆ. ಒಂದರಲ್ಲಿ ಕೆಮ್ಮಿದರೂ ತಪ್ಪು, ಇನ್ನೊಂದರಲ್ಲಿ ಬೊಬ್ಬೆ ಹಾಕದಿದ್ದರೆ ತಪ್ಪು. ಆದರೂ ಎರಡಕ್ಕೂ ಇರುವ ಕಾಯಿಲೆ ಒಂದೇ. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಸುತ್ತಿನಲ್ಲೇ ಎಷ್ಟು ಕರೆಗಳು! ನಾವೂರಿನ ಕೂಡಿಬೈಲಿನಲ್ಲಿ ಮೂಡೂರು-ಪಡೂರು. ಕಕ್ಯಪದವಿನಲ್ಲಿ ಸತ್ಯ-ಧರ್ಮ. ಸಿದ್ಧಕಟ್ಟೆಯ ಆಚೆ ಹೊಕ್ಕಾಡಿಗೋಳಿಯಲ್ಲಿ ವೀರ-ವಿಕ್ರಮ. ವೇಣೂರಿನಲ್ಲಿ ಸೂರ್ಯ-ಚಂದ್ರ. ಮೂಡುಬಿದಿರೆಯ ಕಡಲಕೆರೆಯಲ್ಲಿ ಕೋಟಿ-ಚೆನ್ನಯ. ಜೋಡಿ ಕರೆಗೆ ಜೋಡಿ ಹೆಸರು. ಕೋಣಗಳು ಓಡುವಾಗ ಮೈಕಿನಲ್ಲಿ ‘ಕೋಟಿ ಕರೆ, ಚೆನ್ನಯ ಕರೆ’ ಎಂದು ಕೂಗುವುದನ್ನು ಕೇಳಿದರೆ ಪಾಡ್ದನದ ಅವಳಿ ವೀರರೇ ಎದುರುಬದುರು ನಿಂತ ಹಾಗೆ ಅನಿಸುತ್ತದೆ. ಇಬ್ಬರಲ್ಲಿ ಒಬ್ಬರು ಸೋಲಲೇಬೇಕಾದ ಆಟಕ್ಕೆ ಎಂದೂ ಬೇರೆಯಾಗದ ಅಣ್ಣತಮ್ಮಂದಿರ ಹೆಸರಿಟ್ಟವರು ಯಾರೋ, ಅವರ ಮನಸ್ಸು ದೊಡ್ಡದು.

ಓಟಗಾರರ ಹೆಸರಿಗೂ ಹೀಗೆಯೇ ಊರು ಅಂಟಿಕೊಂಡಿರುತ್ತದೆ. ಮಿಜಾರು ಅಶ್ವತ್ಥಪುರ ಶ್ರೀನಿವಾಸ ಗೌಡ, ಬಜಗೋಳಿ ಜೋಗಿಬೆಟ್ಟು ನಿಶಾಂತ್ ಶೆಟ್ಟಿ. 2019-20ರ ಸೀಸನ್ನಿನಲ್ಲಿ ಈ ಎರಡು ಹೆಸರುಗಳು ದೇಶವನ್ನೇ ಸುತ್ತಿ ಬಂದವು. 2020ರ ಫೆಬ್ರವರಿ 1ರಂದು ಐಕಳದ ಕಾಂತಾಬಾರೆ-ಬೂದಾಬಾರೆ ಕಂಬಳದಲ್ಲಿ ಶ್ರೀನಿವಾಸ ಗೌಡರು 142.50 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಮುಗಿಸಿದರು. ಯಾರೋ ಅದನ್ನು ನೂರು ಮೀಟರಿಗೆ ಭಾಗಿಸಿದರು, 9.55 ಬಂತು. ಉಸೇನ್ ಬೋಲ್ಟ್ ಬರ್ಲಿನ್ನಿನಲ್ಲಿ 2009ರಲ್ಲಿ ಓಡಿದ್ದು 9.58. ಅಷ್ಟು ಸಾಕಾಯಿತು. ಅದೇ ತಿಂಗಳು ವೇಣೂರಿನಲ್ಲಿ ನಿಶಾಂತ್ ಶೆಟ್ಟಿ 143 ಮೀಟರನ್ನು 13.61ರಲ್ಲಿ ಓಡಿದಾಗ ಲೆಕ್ಕ 9.51ಕ್ಕೆ ಇಳಿಯಿತು. ಕೇಂದ್ರದ ಕ್ರೀಡಾ ಸಚಿವರು ಶ್ರೀನಿವಾಸ ಗೌಡರನ್ನು ಟ್ರಯಲ್‌ಗೆ ಕರೆದರು, ಮುಖ್ಯಮಂತ್ರಿಗಳು ಸನ್ಮಾನ ಮಾಡಿದರು. ಆ ಗದ್ದಲದಲ್ಲಿ ನೆಲದ ಮೇಲೆ ನಿಂತು ಮಾತಾಡಿದವರು ಶ್ರೀನಿವಾಸ ಗೌಡರೊಬ್ಬರೇ ಎಂದು ನನ್ನ ಅಭಿಪ್ರಾಯ. ಕಂಬಳದಲ್ಲಿ ಓಡುವುದು ಹಿಮ್ಮಡಿಯಿಂದ, ಟ್ರ್ಯಾಕಿನಲ್ಲಿ ಓಡುವುದು ಬೆರಳ ತುದಿಯಿಂದ, ಎರಡೂ ಬೇರೆ ಎಂದರು. ವೇಗದ ಪಾಲು ಕೋಣಗಳಿಗೆ ಸೇರಬೇಕು ಎಂದೂ ಹೇಳಿದರು. ಟ್ರಯಲ್‌ಗೆ ಹೋಗಲಿಲ್ಲ.

ಹೋಲಿಸಲೇಬೇಕೆಂದಿದ್ದರೆ ನೂರು ಮೀಟರಿನೊಂದಿಗೆ ಹೋಲಿಸಬಾರದಿತ್ತು. ನಿಂತಲ್ಲಿಂದ ವೇಗ ಹಿಡಿಯಲು ತಗಲುವ ಹೊತ್ತು ಉದ್ದದ ಓಟದಲ್ಲಿ ಹಂಚಿ ಹೋಗುತ್ತದೆ. ಬೋಲ್ಟ್ ಅದೇ 2009ರಲ್ಲಿ ಮ್ಯಾಂಚೆಸ್ಟರಿನ ಬೀದಿಯಲ್ಲಿ ಹಾಕಿದ ಟ್ರ್ಯಾಕಿನ ಮೇಲೆ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದ್ದರು. ಅದನ್ನು ನೂರಕ್ಕೆ ಇಳಿಸಿದರೆ 9.57. ಅಂದರೆ ಸರಿಯಾದ ತಕ್ಕಡಿಯಲ್ಲಿ ತೂಗಿದರೂ ಬೋಲ್ಟ್, ಶ್ರೀನಿವಾಸ ಗೌಡ ಇಬ್ಬರೂ ಹೆಚ್ಚುಕಡಿಮೆ ಸಮಸಮ! ಆದರೆ ಒಬ್ಬರ ಮುಂದೆ ಏನೂ ಇರಲಿಲ್ಲ, ಇನ್ನೊಬ್ಬರ ಮುಂದೆ ಎರಡು ಕೋಣಗಳಿದ್ದವು. ಒಬ್ಬರ ಕಾಲಡಿ ರಬ್ಬರು, ಇನ್ನೊಬ್ಬರ ಕಾಲಡಿ ಕೆಸರು. ಲೆಕ್ಕ ಅಲ್ಲಿಗೆ ನಿಲ್ಲುತ್ತದೆ.

ಬೋಲ್ಟ್ ಹೋಲಿಕೆಯಿಂದ ಕಂಬಳಕ್ಕೆ ಹೆಸರು ಬಂತು, ನಿಜ. ಅದರಿಂದ ಆದ ಹಾನಿಯೂ ಇದೆ. ಹೊಸದಾಗಿ ಬಂದ ಪ್ರೇಕ್ಷಕನ ಕಣ್ಣು ಪೂರ್ತಿಯಾಗಿ ಓಟ ಮುಗಿಯುವ ಮಂಜೊಟ್ಟಿಯ ಲೇಸರ್ ಕಿರಣಕ್ಕೂ ಅಲ್ಲಿ ಬೆಳಗುವ ಕೆಂಪು ಅಂಕಿಗೂ ಅಂಟಿಕೊಂಡಿತು. ಹಗ್ಗ, ನೇಗಿಲು ಎಂಬ ವೇಗದ ವಿಭಾಗಗಳೇ ಕಂಬಳ ಎಂದು ಅವನು ತಿಳಿದ. ಕನೆಹಲಗೆಯ ಹೊತ್ತಿಗೆ ಎದ್ದು ಚರುಂಬುರಿ ತಿನ್ನಲು ಹೋದ.

ನನ್ನನ್ನು ಕೇಳಿದರೆ ಕಂಬಳದ ಕಳೆ ಇರುವುದೇ ಕನೆಹಲಗೆಯಲ್ಲಿ. ಒಂದು ಸಣ್ಣ ಹಲಗೆ, ಅದರಲ್ಲಿ ತೂತು. ಓಟಗಾರ ಅದರ ಮೇಲೆ ಒಂದು ಕಾಲಿಟ್ಟು ಕೋಣದ ಬಾಲಕ್ಕೆ ಆತುಕೊಂಡು ನಿಲ್ಲುತ್ತಾನೆ. ಕೋಣ ಹೊರಟಿತೆಂದರೆ ಹಲಗೆ ಕೆಸರುನೀರನ್ನು ಸೀಳುತ್ತದೆ, ತೂತಿನಿಂದ ನೀರು ಕಾರಂಜಿಯಂತೆ ಏಳುತ್ತದೆ. ಮೇಲೆ ಅಡ್ಡ ಕಟ್ಟಿದ ಬಿಳಿ ಬಟ್ಟೆಯ ನಿಶಾನೆ, ಆರೂವರೆ ಕೋಲು ಎತ್ತರದಲ್ಲಿ ಒಂದು, ಏಳೂವರೆಯಲ್ಲಿ ಇನ್ನೊಂದು. ಕೋಣದ ಓಟ, ಕಾಲಿನ ಒತ್ತು, ಹಲಗೆಯ ಓರೆ ಮೂರೂ ನಿಶಾನೆಯ ಕೆಳಗೆ ಬರುವ ಆ ಒಂದು ಕ್ಷಣಕ್ಕೆ ಕೂಡಿ ಬರಬೇಕು. ಎರಡು ಗೇಣು ಮೊದಲೇ ನೀರು ಎದ್ದರೆ ಬಟ್ಟೆ ಹಾಗೇ ಬೆಳ್ಳಗೆ ಉಳಿಯುತ್ತದೆ. ಕೂಡಿ ಬಂದರೆ ಬಟ್ಟೆಯ ಮೇಲೆ ಕಂದು ಬಣ್ಣದ ಒಂದು ಚುಕ್ಕೆ. ಆ ಚುಕ್ಕೆ ನೋಡಿ ಮುದುಕರು ಎದ್ದು ನಿಲ್ಲುತ್ತಾರೆ. ಫಲಿತಾಂಶದ ಪಟ್ಟಿಯಲ್ಲಿ ಕನೆಹಲಗೆಯ ಎದುರು ಎಷ್ಟೋ ಸಲ ‘ಸಮಾನ ಬಹುಮಾನ’ ಎಂದಿರುತ್ತದೆ. ಇಬ್ಬರು ನಿಶಾನೆ ಮುಟ್ಟಿದರೆ ಇಬ್ಬರೂ ಗೆದ್ದ ಹಾಗೆ. ಸೆಕೆಂಡಿನ ನೂರನೇ ಒಂದು ಭಾಗ ಹುಡುಕಿ ಒಬ್ಬನನ್ನು ಸೋಲಿಸಲೇಬೇಕು ಎಂಬ ಹಟ ಅಲ್ಲಿಲ್ಲ.

ಈಗ ಕಾಯಿಲೆಯ ಮಾತು. ಕೋಣಗಳನ್ನು ಬಿಡುವ ಜಾಗಕ್ಕೆ ಗಂತು ಎನ್ನುತ್ತೇವೆ. ಓಟ ಹನ್ನೆರಡು-ಹದಿಮೂರು ಸೆಕೆಂಡಿನದು. ಗಂತಿನಲ್ಲಿ ಆಗುವುದು ನಿಮಿಷಗಟ್ಟಲೆ. ಒಂದು ಜೋಡಿ ಸರಿಯಾಗಿ ನಿಂತಾಗ ಇನ್ನೊಂದು ತಿರುಗಿರುತ್ತದೆ. ಅದನ್ನು ತಿರುಗಿಸಿ ನಿಲ್ಲಿಸುವಾಗ ಮೊದಲಿನದು ಸಿಡಿಯುತ್ತದೆ. ಇದು ಕೋಣದ ಸ್ವಭಾವ, ತಪ್ಪು ಹೇಳುವ ಹಾಗಿಲ್ಲ. ತಪ್ಪು ಇರುವುದು ಮನುಷ್ಯರ ಲೆಕ್ಕಾಚಾರದಲ್ಲಿ. ಎದುರಿನ ಜೋಡಿ ಬಿಸಿಯಾಗಿದೆ, ಸ್ವಲ್ಪ ತಣಿಯಲಿ ಎಂದು ಇವರು ಕಾಯುತ್ತಾರೆ. ಅದು ತಿಳಿದು ಅವರೂ ಕಾಯುತ್ತಾರೆ. ಮೈಕಿನವರು ಮೊದಲು ವಿನಂತಿ ಮಾಡುತ್ತಾರೆ, ಆಮೇಲೆ ಗದರುತ್ತಾರೆ, ಕೊನೆಗೆ ಬರೀ ‘ಬುಡ್ಲೆ, ಬುಡ್ಲೆ’ (ಬಿಡಿ, ಬಿಡಿ) ಎನ್ನುತ್ತಾರೆ. ಒಂದು ವರ್ಷ ರಾತ್ರಿ ಎರಡು ಗಂಟೆಗೆ ಹೊನಲು ಬೆಳಕಿನ ಕೆಳಗೆ ನಾನು ಕಾಲು ಬದಲಿಸುತ್ತ ನಿಂತಿದ್ದಾಗ ಪಕ್ಕದ ಹಿರಿಯರೊಬ್ಬರು ಕೇಳಿದರು: ‘ನೀವು ಕೋಣ ಓಡುವುದನ್ನು ನೋಡಲಿಕ್ಕೆ ಬಂದದ್ದಾ ಮಾರಾಯ್ರೆ, ನಿಲ್ಲುವುದನ್ನು ನೋಡಲಿಕ್ಕಾ?’

ಲೆಕ್ಕ ಹಾಕಿ ನೋಡಿ. 180 ಜೋಡಿ ಬಂದಿವೆ ಎಂದು ಹಿಡಿಯೋಣ, ದೊಡ್ಡ ಕಂಬಳಗಳಿಗೆ ಇದು ಹೆಚ್ಚೇನಲ್ಲ. ಒಂದೊಂದು ಓಟಕ್ಕೆ ಒಂದೊಂದು ಜೋಡಿ ಹೊರಬಿದ್ದರೂ 170ಕ್ಕೂ ಹೆಚ್ಚು ಓಟ ಆಗಬೇಕು. ಕರೆಯಲ್ಲಿ ಓಡುವ ಹೊತ್ತನ್ನಷ್ಟೇ ಕೂಡಿಸಿದರೆ ಒಟ್ಟು ಸುಮಾರು 37 ನಿಮಿಷ. ಗಂತಿನಲ್ಲಿ ಒಂದೊಂದು ಓಟಕ್ಕೆ 5 ನಿಮಿಷ ಹಿಡಿದರೆ ಸುಮಾರು 15 ಗಂಟೆಯಲ್ಲಿ ಕಂಬಳ ಮುಗಿಯುತ್ತದೆ. 10 ನಿಮಿಷವಾದರೆ ಸುಮಾರು 29 ಗಂಟೆ. ಇದಕ್ಕೆ ಸನ್ಮಾನ, ಭಾಷಣ, ಗಣ್ಯರು ಕರೆಯ ಬದಿಯಲ್ಲಿ ನಡೆದು ಬರುವ ಹೊತ್ತು ಸೇರಿಸಿ. 24 ಗಂಟೆಯೊಳಗೆ ಮುಗಿಸಬೇಕೆಂಬ ಮಾತು ಸೀಸನ್ನಿಗೆ ಮೊದಲು ಕೇಳಿಬರುತ್ತದೆ, ಸೀಸನ್ ಶುರುವಾದ ಮೇಲೆ ಗಂತಿನಲ್ಲಿ ಕರಗುತ್ತದೆ.

ಗಾಲ್ಫಿನ ಕಾಯಿಲೆ ಎಂದೆನಲ್ಲ, ಅದೂ ಇದೇ. ಚೆಂಡಿನ ಮುಂದೆ ಬಗ್ಗಿ, ಎದ್ದು, ಗಾಳಿ ನೋಡಿ, ಮತ್ತೆ ಬಗ್ಗಿ ಹೊತ್ತು ಕಳೆಯುವ ಆಟಗಾರರಿಂದ ಬೇಸತ್ತು ಯುರೋಪಿನ ಟೂರ್ 2018ರಲ್ಲಿ ಆಸ್ಟ್ರಿಯಾದಲ್ಲಿ ಒಂದು ಪ್ರಯೋಗ ಮಾಡಿತು. ಪ್ರತಿ ಗುಂಪಿನ ಜೊತೆ ಗಡಿಯಾರ ಹೊತ್ತ ಬಂಡಿ. ಮೊದಲು ಹೊಡೆಯುವವನಿಗೆ 50 ಸೆಕೆಂಡ್, ಉಳಿದವರಿಗೆ 40. ಮೀರಿದರೆ ಒಂದು ಹೊಡೆತದ ದಂಡ, ಅದೂ ಅವನ ಹೆಸರಿನ ಎದುರು ಎಲ್ಲರಿಗೂ ಕಾಣುವಂತೆ. ಆಟ ಚುರುಕಾಯಿತು, ಆಟಗಾರರು ಯಾರೂ ಸಾಯಲಿಲ್ಲ. ನಮ್ಮಲ್ಲೂ ಗಂತಿಗೆ ಸಮಯದ ಮಿತಿ, ದೀಪ, ಗೇಟು ಎಂದು ಅಲ್ಲಲ್ಲಿ ಪ್ರಯೋಗ ನಡೆದಿದೆ. ಯಂತ್ರ ತರುವುದು ಸುಲಭ. ದೊಡ್ಡ ಮನೆತನದ ಯಜಮಾನರ ಜೋಡಿಯನ್ನು ‘ಸಮಯ ಮೀರಿತು, ಹೊರಗೆ’ ಎಂದು ಹೇಳುವುದು ಕಷ್ಟ. ಅವರೇ ಕಂಬಳಕ್ಕೆ ಕಳೆ, ಅವರೇ ದೇಣಿಗೆ, ಮುಂದಿನ ವಾರ ಅವರ ಊರಿನಲ್ಲೇ ಕಂಬಳ.

ಯಜಮಾನರ ಪರವಾಗಿಯೂ ಒಂದು ಮಾತು ಹೇಳಬೇಕು. ವರ್ಷವಿಡೀ ಹುರುಳಿ ಬೇಯಿಸಿ ಹಾಕಿ, ದಿನಾ ಎಣ್ಣೆ ತಿಕ್ಕಿ, ಕೆರೆಯಲ್ಲಿ ಈಜಿಸಿ, ಕೊಟ್ಟಿಗೆಗೆ ಫ್ಯಾನು ಹಾಕಿ ಸಾಕುವವರಿಗೆ ಸಿಗುವುದು ಹಿರಿಯ ವಿಭಾಗದಲ್ಲಿ ಗೆದ್ದರೆ ಎರಡು ಪವನ್ ಚಿನ್ನ. ಹುರುಳಿಯ ಬಾಕಿಗೂ ಅದು ಸಾಲದು. ಅವರು ಬರುವುದು ಹಣಕ್ಕಲ್ಲ, ಮೈಕಿನಲ್ಲಿ ಮನೆಯ ಹೆಸರು ಕೇಳಿಸಲಿ ಎಂದು. ಹಾಗಾಗಿ ಒಂದೇ ಒಂದು ಓಟವನ್ನು ಸುಮ್ಮನೆ ಬಿಟ್ಟುಕೊಡಲು ಮನಸ್ಸು ಬಾರದು. ಅರ್ಥವಾಗುತ್ತದೆ. ಆದರೆ ಆ ಆಸೆಯ ಬಡ್ಡಿ ಕಟ್ಟುವುದು ಯಾರು? ನೊಗ ಹೊತ್ತು ಮೂಗುದಾರ ಹಿಡಿಸಿಕೊಂಡು ನಿಂತ ಕೋಣ. ರಾತ್ರಿ ಮೂರು ಗಂಟೆಗೆ ಒದ್ದೆ ಚಡ್ಡಿಯಲ್ಲಿ ಮೈ ತಣ್ಣಗಾಗಿ, ಮತ್ತೆ ಬೆಚ್ಚಗಾಗಿ, ಮತ್ತೆ ತಣ್ಣಗಾಗುವ ಓಟಗಾರ. ಅವನು ಒಬ್ಬ ಯಜಮಾನರಿಗೆ ಮಾತ್ರ ಓಡುವವನಲ್ಲ, ಒಂದೇ ಕಂಬಳದಲ್ಲಿ ಎರಡು-ಮೂರು ವಿಭಾಗಗಳಲ್ಲಿ ಇಳಿಯುತ್ತಾನೆ. ಗುಣಪಾಲ ಕಡಂಬರು ಮಿಯಾರಿನಲ್ಲಿ 2011ರಲ್ಲಿ ಕಂಬಳ ಅಕಾಡೆಮಿ ಶುರುಮಾಡಿ ಹುಡುಗರಿಗೆ ಓಟದ ಶಿಸ್ತು ಕಲಿಸಿದರು. ಶ್ರೀನಿವಾಸ ಗೌಡರೂ ಅಲ್ಲಿ ಕಲಿತವರೇ. ಓಟಗಾರನಿಗೆ ಶಿಸ್ತು ಬಂತು, ಗಂತಿಗೆ ಬರಲಿಲ್ಲ.

ಇದು ಬರೀ ನೋಡುವವರ ಬೇಸರದ ಪ್ರಶ್ನೆ ಎಂದು ಯಾರೂ ತಳ್ಳಿಹಾಕಬಾರದು. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನ ಓಟದ ಬಗ್ಗೆ ಕೊಟ್ಟ ತೀರ್ಪಿನ ಬಿಸಿ ಕಂಬಳಕ್ಕೂ ತಟ್ಟಿತು. 2016ರಲ್ಲಿ ಹೈಕೋರ್ಟಿನ ತಡೆ ಬಂತು, 2017ರಲ್ಲಿ ಸುಗ್ರೀವಾಜ್ಞೆ, ಮರುವರ್ಷ ತಿದ್ದುಪಡಿ ಕಾಯ್ದೆ. ಕೊನೆಗೆ 2023ರ ಮೇ 18ರಂದು ಸಂವಿಧಾನ ಪೀಠ ಆ ಕಾಯ್ದೆಯನ್ನು ಎತ್ತಿ ಹಿಡಿಯಿತು. ಪ್ರಾಣಿಗೆ ಅನಗತ್ಯ ನೋವಾಗಬಾರದು ಎಂಬುದು ಅದರ ಷರತ್ತು. ಕೋಣಕ್ಕೆ ಹೊಡೆಯುವ ಬೆತ್ತದ ಬಗ್ಗೆ ನಾವು ಸಾಕಷ್ಟು ವಾದ ಮಾಡಿದ್ದೇವೆ. ಫೆಬ್ರವರಿಯ ಭಾನುವಾರ ಮಧ್ಯಾಹ್ನದ ಬಿಸಿಲಿನಲ್ಲಿ, ಹಿಂದಿನ ದಿನ ಬೆಳಗ್ಗೆ ಲಾರಿಯಿಂದ ಇಳಿದ ಕೋಣ ಫೈನಲಿಗೆ ಕಾಯುತ್ತ ನೊರೆ ಸುರಿಸುವುದನ್ನು ಯಾವ ಪದದಿಂದ ಕರೆಯೋಣ? ಕಂಬಳ ಬೇಡ ಎನ್ನುವವರ ಬಾಯಿಗೆ ಬೆತ್ತಕ್ಕಿಂತ ದೊಡ್ಡ ಮಾತನ್ನು ಗಂತು ಹಾಕಿಕೊಡುತ್ತಿದೆ. ನಾನು ಕಂಬಳ ಬೇಕು ಎನ್ನುವವನು, ಹಾಗಾಗಿಯೇ ಹೊಟ್ಟೆ ಉರಿಯುತ್ತದೆ.

‘ಕಾಂತಾರ’ ಸಿನಿಮಾ ಬಂದ ಮೇಲೆ ಕಂಬಳಕ್ಕೆ ಜನ ಹೆಚ್ಚಾದರು. 2023ರ ನವೆಂಬರ್ 25-26ರಂದು ಬೆಂಗಳೂರಿನ ಅರಮನೆ ಮೈದಾನದಲ್ಲೂ ಕರೆ ತೋಡಿ ಕೋಣ ಓಡಿಸಿದ್ದಾಯಿತು. ಅದರ ಬಗ್ಗೆ ನನಗೆ ಹೆಚ್ಚು ಹೇಳಲಿಕ್ಕಿಲ್ಲ. ಜನ ನೋಡಿದರು, ಸಂತೋಷ. ಘಾಟಿ ಹತ್ತಿ ಇಳಿದ ಕೋಣಗಳು ಮನೆ ಸೇರಿದವು, ಇನ್ನೂ ಸಂತೋಷ.

ಮುಂದಿನ ಸೀಸನ್ನಿನ ಪಟ್ಟಿ ಹೊರಡಿಸುವವರಲ್ಲಿ ನನ್ನದು ಒಂದೇ ಬೇಡಿಕೆ. ದಂಡ ಬೇಡ, ಯಾರನ್ನೂ ಹೊರಗೆ ಹಾಕುವುದೂ ಬೇಡ. ಸೋಮವಾರದ ಪೇಪರಿನಲ್ಲಿ ಫಲಿತಾಂಶ ಬರುತ್ತದಲ್ಲ, ಯಜಮಾನರ ಹೆಸರು, ಓಟಗಾರನ ಹೆಸರು, ಮಂಜೊಟ್ಟಿಯ ಸೆಕೆಂಡು ಎಂದು. ಅದರ ಪಕ್ಕದಲ್ಲಿ ಆ ಜೋಡಿ ಗಂತಿನಲ್ಲಿ ತೆಗೆದುಕೊಂಡ ನಿಮಿಷವನ್ನೂ ಅಚ್ಚು ಹಾಕಿಸಿ. ಮನೆಯ ಹೆಸರಿಗಾಗಿ ಓಡಿಸುವವರಿಗೆ ಅಷ್ಟು ಸಾಕು.